ಬೆರಳ ಗುರುತೂ ತಜ್ಞರ ಸಲಹಾ ಮಂಡಲಿಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಸಾಹಿತ್ಯವನ್ನು ಕುರಿತೋ ಶರಣರ ಜೀವನವನ್ನು ಕುರಿತೋ ಮಾತನಾಡುವುದು ವಾಡಿಕೆ. ಇಂದು ನಾವು ಆರಿಸಿಕೊಂಡಿರುವ ವಿಷಯ ಬೇರೆ. ದೇಹದ ಲಕ್ಷಣಗಳನ್ನು ಅಳೆದು ಮನುಷ್ಯನನ್ನು ಗುರುತಿಸುವ ವಿದ್ಯೆಗೆ ಬಯೋಮೆಟ್ರಿಕ್ಸ್ ಎಂದು ಹೆಸರು. ಈ ವಿದ್ಯೆಯನ್ನು ಬಳಸುವ ಸಂಸ್ಥೆಗಳಲ್ಲಿ ತಜ್ಞರ ಸಲಹಾ ಮಂಡಲಿಗೆ ಏನು ಕೆಲಸ ಎಂಬುದೇ ನಮ್ಮ ವಿಷಯ. ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧವೆಂದು ಕೆಲವರಿಗೆ ತೋರಬಹುದು. ಸಂಬಂಧವುಂಟು, ಅದನ್ನು ಮೊದಲೇ ಹೇಳುತ್ತೇವೆ.

ಹೆಬ್ಬೆಟ್ಟು ಒತ್ತುವವನೆಂದರೆ ಅಕ್ಷರ ಬಾರದವನೆಂಬ ಅರ್ಥ ನಮ್ಮ ಮಾತಿನಲ್ಲಿ ರೂಢವಾಗಿದೆ. ಹೆಬ್ಬೆಟ್ಟನ್ನು ಬಿಡಿಸಿ ಸಹಿ ಹಾಕುವಂತೆ ಮಾಡುವುದೇ ಉಪಾಧ್ಯಾಯ ವೃತ್ತಿಯ ಸಾರ್ಥಕ್ಯವೆಂದು ಬಹುಕಾಲ ಭಾವಿಸಲಾಗಿತ್ತು. ಇಂದು ಪಂಡಿತನಾಗಲಿ ಪಾಮರನಾಗಲಿ, ರೇಷನ್ ಅಂಗಡಿಯ ಯಂತ್ರದ ಮುಂದೆ ಹೆಬ್ಬೆಟ್ಟನ್ನೇ ಒತ್ತಬೇಕಾಗಿದೆ. ಯಂತ್ರವು ಒಪ್ಪಿದರೆ ಧಾನ್ಯ ಸುಲಭವಾಗಿ ದೊರೆಯುತ್ತದೆ. ಒಪ್ಪದಿದ್ದರೆ ಮುದುಕಿಯೊಬ್ಬಳು ಬರಿಯ ಚೀಲವನ್ನು ಹಿಡಿದು ಮನೆಗೆ ಹಿಂದಿರುಗುವುದುಂಟು. ಆಕೆ ಯಂತ್ರದವನಿಗೆ ತನ್ನ ಕಷ್ಟವನ್ನು ಕನ್ನಡದಲ್ಲಿ ಹೇಳುತ್ತಾಳೆ. ಅವನು ಮರಾಠಿಯಲ್ಲಿ ಉತ್ತರಿಸುತ್ತಾನೆ. ಇದು ಗಡಿನಾಡಿನ ವಿಶೇಷ. ಆದುದರಿಂದಲೇ ಈ ವಿಷಯ ನಮ್ಮದೂ ಹೌದು.

ಯಂತ್ರವು ಬೆರಳನ್ನು ಗುರುತಿಸುವ ಬಗೆಯನ್ನು ಮೊದಲು ತಿಳಿಯೋಣ. ನಮ್ಮ ಬೆರಳ ತುದಿಯಲ್ಲಿ ನೇಗಿಲ ಸಾಲುಗಳಂತೆ ಏರುಗೆರೆಗಳಿವೆ. ಅವು ಕೆಲವೆಡೆ ಥಟ್ಟನೆ ಮುಗಿಯುತ್ತವೆ, ಕೆಲವೆಡೆ ಕವಲೊಡೆಯುತ್ತವೆ. ಈ ಕೊನೆಗಳ ಮತ್ತು ಕವಲುಗಳ ಸ್ಥಾನವನ್ನು ಯಂತ್ರವು ಲೆಕ್ಕ ಹಾಕಿ, ಮೊದಲು ಬರೆದಿಟ್ಟುಕೊಂಡ ಲೆಕ್ಕದೊಡನೆ ಹೋಲಿಸುತ್ತದೆ. ಒಬ್ಬನದೇ ಬೆರಳಾದರೂ ಎರಡು ಸಾರಿ ಒತ್ತಿದಾಗ ಎರಡು ಗುರುತುಗಳು ಸರ್ವಥಾ ಒಂದೇ ಆಗಿರುವುದಿಲ್ಲ. ಒತ್ತಡ ಬೇರೆ, ತೇವ ಬೇರೆ, ಕೋನ ಬೇರೆ. ಆದಕಾರಣ ಯಂತ್ರವು ತನ್ನೊಳಗೆ ‘ಇವನೇ’ ಎಂದಾಗಲಿ ‘ಇವನಲ್ಲ’ ಎಂದಾಗಲಿ ಖಂಡಿತವಾಗಿ ಅರಿಯುವುದಿಲ್ಲ. ಇಷ್ಟರಮಟ್ಟಿಗೆ ಹೋಲುತ್ತದೆ ಎಂದು ಅಂಕವನ್ನು ಮಾತ್ರ ಕೊಡುತ್ತದೆ. ಎಷ್ಟು ಅಂಕ ಬಂದರೆ ಒಪ್ಪಬೇಕೆಂಬುದನ್ನು ಮನುಷ್ಯರು ನಿಶ್ಚಯಿಸುತ್ತಾರೆ.

ಇದು ಕಣದಲ್ಲಿ ಜರಡಿ ಹಿಡಿಯುವ ಹಾಗೆ. ಜರಡಿಯ ಕಣ್ಣು ದೊಡ್ಡದಾದರೆ ಕಾಳಿನೊಡನೆ ಕಸವೂ ಕೆಳಗಿಳಿಯುತ್ತದೆ. ಚಿಕ್ಕದಾದರೆ ಕಸದೊಡನೆ ಒಳ್ಳೆಯ ಕಾಳೂ ಮೇಲೆಯೇ ಉಳಿಯುತ್ತದೆ. ಸಡಿಲವಾದ ಯಂತ್ರವು ಒಬ್ಬನ ಪಾಲನ್ನು ಇನ್ನೊಬ್ಬನಿಗೆ ಕೊಡಬಹುದು. ಬಿಗಿಯಾದ ಯಂತ್ರವು ನಿಜವಾದ ಹಕ್ಕುದಾರನನ್ನೇ ಹೊರಗೆ ನಿಲ್ಲಿಸಬಹುದು. ಎರಡು ದೋಷಗಳೂ ಇಲ್ಲದ ಜರಡಿ ಲೋಕದಲ್ಲಿಲ್ಲ. ಒಂದು ಲಕ್ಷ ಜನರಲ್ಲಿ ನೂರಕ್ಕೆ ಒಬ್ಬರಂತೆ ತಪ್ಪಿದರೂ ಒಂದು ಸಾವಿರ ಜನ ಹೊರಗುಳಿದರು ಎಂದರ್ಥ. ಕಾಗದದ ಮೇಲೆ ನೂರಕ್ಕೆ ಒಂದು ಅಲ್ಪವಾಗಿ ಕಾಣುತ್ತದೆ. ಹೊರಗುಳಿದವನಿಗೆ ಅದು ನೂರಕ್ಕೆ ನೂರು. ಹೀಗಿರುವಲ್ಲಿ ಜರಡಿಯ ಕಣ್ಣು ಎಷ್ಟಿರಬೇಕು, ಅದರಿಂದ ಬರುವ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳಿಗೆ ಯಂತ್ರವೂ ಉತ್ತರಿಸಲಾರದು, ಯಂತ್ರವನ್ನು ಮಾರುವವನೂ ನಿಷ್ಪಕ್ಷಪಾತವಾಗಿ ಉತ್ತರಿಸಲಾರನು. ಸಲಹಾ ಮಂಡಲಿಯ ಕೆಲಸ ಆರಂಭವಾಗುವುದು ಇಲ್ಲಿಂದಲೇ.

ಇಂತಹ ಮಂಡಲಿ ನಮ್ಮ ದೇಶಕ್ಕೆ ಹೊಸದಲ್ಲ. ಬೆರಳ ಗುರುತಿನ ವಿದ್ಯೆಯು ಆಡಳಿತದ ಸಾಧನವಾಗಿ ಬೆಳೆದದ್ದೇ ಭಾರತದಲ್ಲಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿಯು, ರಸ್ತೆಯ ಸಾಮಗ್ರಿಯನ್ನು ಒದಗಿಸಲು ಒಪ್ಪಿದ ಗುತ್ತಿಗೆದಾರನ ಅಂಗೈಯ ಮುದ್ರೆಯನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡನು. ಮುಂದೆ ಹೂಗ್ಲಿಯಲ್ಲಿ ಪಿಂಚಣಿದಾರರ ಗುರುತಿಗೂ ದಸ್ತಾವೇಜುಗಳ ನೋಂದಣಿಗೂ ಅದೇ ಕ್ರಮವನ್ನು ತಂದನು. ಆಮೇಲೆ ಬಂಗಾಳ ಪೊಲೀಸಿನ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಗುರುತುಗಳನ್ನು ವರ್ಗೀಕರಿಸುವ ಪದ್ಧತಿಯನ್ನು ರೂಪಿಸಿದರು. ಕೀರ್ತಿಯು ಬಹುಕಾಲ ಹೆನ್ರಿಯ ಹೆಸರಿಗೆ ಸಂದಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಆಗ ದೇಹದ ಅಂಗಾಂಗಗಳ ಉದ್ದಗಲಗಳನ್ನು ಅಳೆದಿಡುವ ಫ್ರಾನ್ಸ್ ದೇಶದ ಬರ್ತಿಯೋನನ ಪದ್ಧತಿಯೂ ರೂಢಿಯಲ್ಲಿತ್ತು. ಎರಡರಲ್ಲಿ ಯಾವುದು ಲೇಸೆಂದು ನಿರ್ಣಯಿಸಲು 1897ರಲ್ಲಿ ಭಾರತ ಸರ್ಕಾರವು ಇಬ್ಬರು ಪರೀಕ್ಷಕರನ್ನು ನೇಮಿಸಿತು. ಒಬ್ಬರು ಭೂಮಾಪನ ಇಲಾಖೆಯ ಮುಖ್ಯಸ್ಥ ಸ್ಟ್ರಾಹನ್, ಇನ್ನೊಬ್ಬರು ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಪೆಡ್ಲರ್. ಇಬ್ಬರೂ ಪೊಲೀಸರಲ್ಲ, ಪದ್ಧತಿಯನ್ನು ಕಂಡುಹಿಡಿದವರೂ ಅಲ್ಲ. ಆದರೆ ಒಬ್ಬರಿಗೆ ಅಳತೆಯ ದೋಷವೆಂದರೇನೆಂದು ಗೊತ್ತು, ಇನ್ನೊಬ್ಬರಿಗೆ ಪ್ರಯೋಗವೆಂದರೇನೆಂದು ಗೊತ್ತು. ಬೆರಳ ಗುರುತಿನ ಕ್ರಮವೇ ಸರಳವೆಂದೂ ನಂಬಲರ್ಹವೆಂದೂ ಅವರು ವರದಿ ಕೊಟ್ಟ ತರುವಾಯವೇ ಅದು ಅಂಗೀಕೃತವಾಯಿತು. ಬಳಸುವವನು ಬೇರೆ, ಪರೀಕ್ಷಿಸುವವನು ಬೇರೆ ಎಂಬ ನಿಯಮವನ್ನು ಅಂದೇ ಪಾಲಿಸಲಾಗಿತ್ತು. ಆದರೆ ಅಂದಿನ ಪರೀಕ್ಷೆಯಲ್ಲಿ ಬೆರಳನ್ನು ಒತ್ತುವವನ ಅಭಿಪ್ರಾಯವನ್ನು ಕೇಳುವ ಪದ್ಧತಿ ಇರಲಿಲ್ಲ. ಅದು ಪರರ ಆಳ್ವಿಕೆಯ ಕಾಲ.

ಇನ್ನು ಸ್ವತಂತ್ರ ಭಾರತದ ಸಂಗತಿಗೆ ಬರೋಣ. 2009ರಲ್ಲಿ ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು ಸ್ಥಾಪಿತವಾಯಿತು. ಅದೇ ವರ್ಷ ಎರಡು ಸಮಿತಿಗಳು ನೇಮಕವಾದುವು. ಹೆಸರು, ವಿಳಾಸ, ವಯಸ್ಸು ಮೊದಲಾದ ವಿವರಗಳನ್ನು ಹೇಗೆ ಬರೆದುಕೊಳ್ಳಬೇಕೆಂದು ಹೇಳಲು ಎನ್. ವಿಠ್ಠಲ್ ಅವರ ಅಧ್ಯಕ್ಷತೆಯ ಸಮಿತಿ; ದೇಹಲಕ್ಷಣಗಳನ್ನು ಹೇಗೆ ತೆಗೆದುಕೊಳ್ಳಬೇಕೆಂದು ಹೇಳಲು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಮಹಾನಿರ್ದೇಶಕ ಬಿ. ಕೆ. ಗೈರೋಲಾ ಅವರ ಅಧ್ಯಕ್ಷತೆಯ ಸಮಿತಿ. ಎರಡನೆಯ ಸಮಿತಿಯು ಮುಖದ ಚಿತ್ರವನ್ನೂ ಹತ್ತು ಬೆರಳುಗಳ ಗುರುತನ್ನೂ ಪಡೆಯಬೇಕೆಂದು ಹೇಳಿ, ಕಣ್ಣಿನ ಪಾಪೆಯ ಸುತ್ತಲಿನ ಐರಿಸ್ ಎಂಬ ಭಾಗದ ವಿಷಯವನ್ನು ಪ್ರಾಧಿಕಾರದ ನಿರ್ಣಯಕ್ಕೆ ಬಿಟ್ಟಿತು.

ಆ ಸಮಿತಿಯ ವರದಿಯಲ್ಲಿ ನಮಗೆ ಬಹು ಮುಖ್ಯವಾಗಿ ತೋರುವುದು ಶಿಫಾರಸಿಗಿಂತಲೂ ಒಂದು ಎಚ್ಚರಿಕೆ. ಗುರುತಿನ ನಿಖರತೆಯು ಬೆರಳ ಮುದ್ರೆಯ ಗುಣವನ್ನು ಅವಲಂಬಿಸಿದೆ. ಆ ಗುಣವನ್ನು ಭಾರತದ ಪರಿಸ್ಥಿತಿಯಲ್ಲಿ ಯಾರೂ ಆಳವಾಗಿ ಅಭ್ಯಾಸ ಮಾಡಿಲ್ಲ ಎಂದು ಸಮಿತಿಯು ಸ್ಪಷ್ಟವಾಗಿ ಬರೆಯಿತು. ಪಾಶ್ಚಾತ್ಯ ದೇಶಗಳ ಅನುಭವವನ್ನು ಹಾಗೆಯೇ ತಂದು ಇಲ್ಲಿ ನೆಡಲಾಗದು. ಕಬ್ಬು ಕಡಿಯುವ ಕೈ, ಗಾರೆ ಕಲಸುವ ಕೈ, ಬೀಡಿ ಸುತ್ತುವ ಕೈ, ಬಟ್ಟೆ ಒಗೆಯುವ ಕೈ ಇವುಗಳ ಗೆರೆಗಳು ಸವೆಯುತ್ತವೆ. ವಯಸ್ಸಾದಂತೆ ಚರ್ಮ ಒಣಗಿ ಗೆರೆ ಮಾಸುತ್ತದೆ. ದುಡಿದ ಕೈಯನ್ನೇ ಯಂತ್ರವು ಕಾಣದೆ ಹೋಗುತ್ತದೆ. 2010ರಲ್ಲಿ ಆಂಧ್ರ, ಕರ್ನಾಟಕ, ಬಿಹಾರಗಳ ಗ್ರಾಮಗಳಲ್ಲಿ ಪ್ರಾಯೋಗಿಕ ನೋಂದಣಿ ನಡೆಯಿತು. ಕೊನೆಗೆ ಕಣ್ಣಿನ ಐರಿಸನ್ನೂ ಸೇರಿಸಿಕೊಳ್ಳಲಾಯಿತು. ಒಂದು ಲಕ್ಷಣ ಕೈಕೊಟ್ಟರೆ ಮತ್ತೊಂದು ಆಸರೆಯಾಗಲೆಂಬುದು ಅದರ ಪ್ರಯೋಜನ. ಅದೇ ವರ್ಷದ ಸೆಪ್ಟೆಂಬರ್ 29ರಂದು ನಮ್ಮ ಮಹಾರಾಷ್ಟ್ರದ ನಂದೂರಬಾರ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ ಮೊದಲನೆಯ ಆಧಾರ್ ಸಂಖ್ಯೆಯನ್ನು ಕೊಡಲಾಯಿತು.

ಮಂಡಲಿಯ ಮೊದಲ ಕರ್ತವ್ಯವೇನೆಂಬುದು ಇದರಿಂದ ತಿಳಿಯುತ್ತದೆ. ಯಂತ್ರವನ್ನು ಕೊಳ್ಳುವುದಕ್ಕೆ ಮುಂಚೆಯೇ ಮಾತನಾಡಬೇಕು. ಗೊತ್ತಿರುವುದನ್ನು ಹೇಳುವಷ್ಟೇ ಸ್ಪಷ್ಟವಾಗಿ, ಇನ್ನೂ ಗೊತ್ತಿಲ್ಲದ್ದನ್ನೂ ಹೇಳಬೇಕು. ಮನೆ ಕಟ್ಟಿದ ಮೇಲೆ ಬುನಾದಿಯ ಪರೀಕ್ಷೆ ಮಾಡಿಸುವುದರಿಂದ ಏನು ಬಂತು? 1993ರ ಸೆಪ್ಟೆಂಬರ್ 30ರ ಭೂಕಂಪವನ್ನು ಕಂಡ ಈ ಪ್ರದೇಶದವರಿಗೆ ಆ ಮಾತನ್ನು ವಿವರಿಸಬೇಕಾಗಿಲ್ಲ.

ಸರ್ಕಾರದ ಸಮಿತಿಗಳಲ್ಲದೆ, ಈ ವಿದ್ಯೆಗೆಂದೇ ಏರ್ಪಟ್ಟ ಸಂಘಗಳೂ ಲೋಕದಲ್ಲಿವೆ. 2001ರಲ್ಲಿ ಆಸ್ಟ್ರೇಲಿಯದಲ್ಲಿ ಬಯೋಮೆಟ್ರಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯು ಹುಟ್ಟಿತು. ಯಂತ್ರವನ್ನು ಬಳಸುವ ಸರ್ಕಾರಿ ಇಲಾಖೆಗಳೂ, ಅದನ್ನು ತಯಾರಿಸಿ ಮಾರುವ ಕಂಪನಿಗಳೂ, ವಿದ್ವಾಂಸರೂ ಅದರಲ್ಲಿ ಸದಸ್ಯರು. ಕೊಳ್ಳುವವರೂ ಮಾರುವವರೂ ಒಂದೇ ಪಂಕ್ತಿಯಲ್ಲಿ ಕುಳಿತಾಗ, ಮೂರನೆಯವನ ಹಿತವನ್ನು ನೋಡುವವರು ಯಾರು? ಮೂರನೆಯವನೆಂದರೆ ಬೆರಳನ್ನು ಒತ್ತುವ ಪ್ರಜೆ. ಇಂತಹ ಸಂಘಕ್ಕೆ ತಜ್ಞರ ಸಲಹೆ ಅತ್ಯಗತ್ಯವಾಗುವುದು ಈ ಕಾರಣದಿಂದ. ಆ ಸಂಸ್ಥೆಯು 2020ರಲ್ಲಿ ಮೂರು ಸೂತ್ರಗಳನ್ನು ಪ್ರಕಟಿಸಿತು. ಮೊದಲು ನೀತಿ, ಅನಂತರ ಕಾರ್ಯಕ್ರಮ, ಕೊನೆಗೆ ಯಂತ್ರ ಎಂಬುದು ಅವುಗಳ ಸಾರ. ಏತಕ್ಕಾಗಿ ಗುರುತು ಬೇಕು, ಅದಕ್ಕೆ ಕಾನೂನಿನ ಆಧಾರವೇನು ಎಂಬುದನ್ನು ಮೊದಲು ನಿಶ್ಚಯಿಸಬೇಕು. ತಪ್ಪಾದರೆ ಏನು ಮಾಡಬೇಕೆಂಬ ಕ್ರಮವನ್ನು ಆಮೇಲೆ ಬರೆಯಬೇಕು. ಯಂತ್ರವನ್ನು ಆರಿಸುವುದು ಕಟ್ಟಕಡೆಗೆ. ನಮ್ಮಲ್ಲಿ ಎಷ್ಟೋ ಕಡೆ ಮೊದಲು ಯಂತ್ರ ಬರುತ್ತದೆ, ಬಳಿಕ ಕ್ರಮ ಬರುತ್ತದೆ, ನೀತಿಯು ನ್ಯಾಯಾಲಯದಿಂದ ಬರುತ್ತದೆ.

ಬ್ರಿಟನ್ನಿನಲ್ಲಿಯೂ ಗೃಹ ಇಲಾಖೆಗೆ ನೈತಿಕ ವಿಷಯಗಳಲ್ಲಿ ಸಲಹೆ ಕೊಡುವ ಒಂದು ತಜ್ಞ ಮಂಡಲಿ ಇದೆ. ಹಿಂದೆ ವಂಶವಾಹಿಗಳ ದಾಖಲೆಯನ್ನು ಕುರಿತು ಮಾತ್ರ ಸಲಹೆ ಕೊಡುತ್ತಿದ್ದ ಅದರ ವ್ಯಾಪ್ತಿಯನ್ನು 2017ರಲ್ಲಿ ಹಿಗ್ಗಿಸಿ ಬೆರಳು ಮುಖಗಳನ್ನೂ ಸೇರಿಸಿದರು. ತಾಂತ್ರಿಕವಾಗಿ ಸಾಧ್ಯವಾದುದೆಲ್ಲ ನ್ಯಾಯವಾಗಲಾರದು ಎಂದು ನೆನಪು ಮಾಡಿಕೊಡುವವರು ಒಳಗಡೆಯೇ ಇರಬೇಕೆಂಬುದು ಇದರ ತಾತ್ಪರ್ಯ.

ಹಾಗಾದರೆ ಮಂಡಲಿಯು ಹೇಳಿದ್ದೆಲ್ಲ ನಡೆಯುತ್ತದೆಯೇ? ಇಲ್ಲ. ಸಲಹೆ ಸಲಹೆಯೇ, ಆಜ್ಞೆಯಲ್ಲ. ಗಡಿನಾಡಿನವರಿಗೆ ಇದು ಚೆನ್ನಾಗಿ ಗೊತ್ತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿಯನ್ನು ಒಪ್ಪಿಸಿತು. ಅದು ಇಂದಿಗೂ ಜಾರಿಗೆ ಬಂದಿಲ್ಲ. ಆ ವಾದಕ್ಕೆ ನಾವಿಲ್ಲಿ ಕೈಹಾಕುವುದಿಲ್ಲ. ಆದರೆ ಕಾರಣಗಳೊಡನೆ ಬರೆದು ಬಹಿರಂಗವಾದ ವರದಿಯು ಜಾರಿಗೆ ಬಾರದಿದ್ದರೂ ಸಾಯುವುದಿಲ್ಲ; ಮುಂದಿನ ವಾದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಆದುದರಿಂದ ಮಂಡಲಿಯ ಎರಡನೆಯ ಕರ್ತವ್ಯವೆಂದರೆ ತನ್ನ ಸಲಹೆಯನ್ನು ಕಾರಣಸಹಿತವಾಗಿ ಬರೆದು ಎಲ್ಲರೂ ಓದುವಂತೆ ಮಾಡುವುದು. ಗುಟ್ಟಾಗಿ ಕೊಟ್ಟ ಸಲಹೆಯನ್ನು ಗುಟ್ಟಾಗಿಯೇ ಬದಿಗಿಡಬಹುದು.

ಸಲಹೆಯು ಮುಗಿದಲ್ಲಿ ನ್ಯಾಯವನ್ನು ಕೇಳಬೇಕಾಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ನ್ಯಾಯಾಲಯವು ಬಹುಮತದಿಂದ ಸರ್ಕಾರಿ ಸಹಾಯಗಳಿಗೆ ಆಧಾರನ್ನು ಕೇಳುವುದನ್ನು ಒಪ್ಪಿತು. ಆದರೆ ಯಂತ್ರದಲ್ಲಿ ಗುರುತು ಹೊಂದದ ಮಾತ್ರಕ್ಕೆ ಅರ್ಹನಾದವನು ಸೌಲಭ್ಯದಿಂದ ವಂಚಿತನಾಗಬಾರದೆಂದೂ, ಬೇರೆ ಬಗೆಯಲ್ಲಿ ಅವನ ಗುರುತನ್ನು ಸ್ಥಾಪಿಸಲು ಅವಕಾಶವಿರಬೇಕೆಂದೂ ಹೇಳಿತು. ಶಾಲೆಯ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದೂ ಹೇಳಿತು. 1926ರಲ್ಲಿ ಜನಿಸಿದ ಆ ಹಿರಿಯರು 2024ರಲ್ಲಿ ಕಾಲವಾದರು. ಅವರ ಹೆಸರು ದೇಶದ ಕಾನೂನಿನ ಪುಸ್ತಕಗಳಲ್ಲಿ ಉಳಿದಿದೆ.

ಇನ್ನು ಮೂರನೆಯ ಪ್ರಶ್ನೆ. ಮಂಡಲಿಯಲ್ಲಿ ಯಾರು ಕುಳಿತಿರಬೇಕು? ತಜ್ಞನೆಂದೊಡನೆ ನಮ್ಮ ಕಣ್ಣಿಗೆ ಯಂತ್ರಶಾಸ್ತ್ರವನ್ನು ಬಲ್ಲವನೇ ಕಾಣುತ್ತಾನೆ. ಅವನು ಬೇಕು; ಅವನೊಬ್ಬನೇ ಸಾಲದು. ನಮ್ಮ ಪ್ರದೇಶಕ್ಕೆ ನೆರೆಯದಾದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪವಿತ್ತೆಂದು ಪರಂಪರೆಯು ಹೇಳುತ್ತದೆ. ಮಂತ್ರಿಯಾದ ಬಸವಣ್ಣನವರೊಡನೆ ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ಅಲ್ಲಿ ಕುಳಿತು ವಿಚಾರ ಮಾಡಿದರೆಂಬುದು ನಮಗೆಲ್ಲ ತಿಳಿದ ಸಂಗತಿ. ತತ್ತ್ವವಿಚಾರಕ್ಕೆ ಕಾಯಕದ ಅನುಭವ ಬೇಕಾಗಿದ್ದರೆ, ಬೆರಳ ವಿಚಾರಕ್ಕೆ ಕಾಯಕದ ಅನುಭವ ಬೇಡವೇ? ಬಟ್ಟೆ ಒಗೆದವನಿಗಿಂತ ಹೆಚ್ಚಾಗಿ ಸವೆದ ಬೆರಳನ್ನು ಬಲ್ಲವರು ಯಾರು?

ಭಾಷೆಯನ್ನು ಬಲ್ಲವರೂ ಅಲ್ಲಿ ಬೇಕು. ಇದು ನಮ್ಮ ವೃತ್ತಿಗೆ ಸಂಬಂಧಿಸಿದ ಮಾತಾದುದರಿಂದ ಸ್ವಲ್ಪ ವಿಸ್ತರಿಸುತ್ತೇವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದುವು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ಮೂರೂ ಹೈದರಾಬಾದು ಸಂಸ್ಥಾನದವು. ನಮ್ಮ ಅಜ್ಜಂದಿರ ಹೆಸರನ್ನು ನಿಜಾಮರ ಕಚೇರಿಯವರು ಉರ್ದುವಿನಲ್ಲಿ ಬರೆದರು. ತಂದೆಯವರ ಹೆಸರನ್ನು ಮರಾಠಿಯಲ್ಲಿ ಬರೆದರು. ನಮ್ಮ ಮಕ್ಕಳದು ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇದೆ. ಮನೆಯಲ್ಲಿ ಕರೆಯುವುದು ಮಾತ್ರ ಕನ್ನಡದಲ್ಲಿ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮರಾಠಿಯ ಲಿಪಿಯಲ್ಲಿ ನಮ್ಮ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವಿಲ್ಲ. ಶರಣಪ್ಪನು ಅಲ್ಲಿ ಶರಣಪ್ಪಾ ಆಗುತ್ತಾನೆ, ಮಲ್ಲಮ್ಮನು ಮಲ್ಲಮ್ಮಾ ಆಗುತ್ತಾಳೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತನು ಒಂದು ಅಕ್ಷರವನ್ನು ಸೇರಿಸಿದರೆ ಇನ್ನೊಬ್ಬನು ಒಂದನ್ನು ಬಿಡುತ್ತಾನೆ. ಮದುವೆಯಾದ ಹೆಣ್ಣುಮಗಳ ನಡುಹೆಸರೇ ಬದಲಾಗುವುದು ಮಹಾರಾಷ್ಟ್ರದ ರೂಢಿ. ಹೀಗೆ ಬ್ಯಾಂಕಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು ಹೆಸರಾಗಿ, ಬೆರಳು ಹೊಂದಿದರೂ ಹೆಸರು ಹೊಂದದೆ ಕೆಲಸ ಕೆಡುವುದುಂಟು. ಮುದ್ರೆಯನ್ನು ಅಳೆಯುವ ತಜ್ಞನಿಗೆ ಇದು ಹೊಳೆಯುವುದು ಕಷ್ಟ. ಗಡಿನಾಡಿನ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರಿಗೆ ಇದು ಹಾಜರಿ ಪುಸ್ತಕದ ನಿತ್ಯದ ಅನುಭವ. ಇಂತಹವರನ್ನೂ ತಜ್ಞರೆಂದು ಗಣಿಸುವುದೇ ಮಂಡಲಿಯ ಮೂರನೆಯ ಲಕ್ಷಣ.

ದೆಹಲಿಯ ಸಮಿತಿಯಲ್ಲಿ ನಮಗೆ ಪೀಠ ದೊರೆಯುವವರೆಗೆ ಕಾದು ಕೂಡಬೇಕಾಗಿಲ್ಲ. ನಮ್ಮ ಸಂಘವೇ ಒಂದು ಚಿಕ್ಕ ಸಲಹಾ ಮಂಡಲಿಯನ್ನು ಏರ್ಪಡಿಸಲೆಂದು ನಾವು ಸೂಚಿಸುತ್ತೇವೆ. ಮೂರು ತಾಲ್ಲೂಕುಗಳಿಂದ ಒಬ್ಬೊಬ್ಬ ನಿವೃತ್ತ ಉಪಾಧ್ಯಾಯರು, ಒಬ್ಬೊಬ್ಬ ದುಡಿಯುವ ತಾಯಿ, ಜೊತೆಗೆ ಕಾನೂನು ಬಲ್ಲವರೊಬ್ಬರು ಇದ್ದರೆ ಸಾಕು. ಒಂದು ಪುಸ್ತಕವನ್ನಿಟ್ಟು, ಯಾವ ದಿನ, ಯಾವ ಕೆಲಸಕ್ಕೆ, ಯಾರ ಬೆರಳು ಹೊಂದಲಿಲ್ಲ, ಅನಂತರ ಏನಾಯಿತು ಎಂಬುದನ್ನು ಬರೆಯಲಿ. ಆರು ತಿಂಗಳಿಗೊಮ್ಮೆ ಅದರ ಸಾರಾಂಶವನ್ನು ಮರಾಠಿಯಲ್ಲಿ ತಯಾರಿಸಿ ತಹಸೀಲ್ದಾರರಿಗೆ ವಿನಯಪೂರ್ವಕವಾಗಿ ಒಪ್ಪಿಸಲಿ. ದೂರು ಒಂದಾದರೆ ಅದು ಗೊಣಗಾಟವೆನಿಸುತ್ತದೆ. ನೂರನ್ನು ದಿನಾಂಕದೊಡನೆ ಬರೆದಿಟ್ಟರೆ ಅದು ಸಾಕ್ಷ್ಯವಾಗುತ್ತದೆ.

ಮನೆಯವರು ತಿಳಿದಿರಬೇಕಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಐದು ವರ್ಷದೊಳಗಿನ ಮಗುವಿನ ಬೆರಳ ಗುರುತನ್ನು ತೆಗೆದುಕೊಳ್ಳುವುದಿಲ್ಲ. ಐದನೆಯ ವರ್ಷದಲ್ಲಿ ಒಮ್ಮೆ, ಹದಿನೈದನೆಯ ವರ್ಷದಲ್ಲಿ ಮತ್ತೊಮ್ಮೆ ಗುರುತನ್ನು ಹೊಸದಾಗಿ ಕೊಡಬೇಕು. ಬೆರಳು ಹೊಂದದಿದ್ದರೆ ಕಣ್ಣಿನ ಗುರುತಿನಿಂದಲೋ, ನೋಂದಾಯಿತ ಫೋನಿಗೆ ಬರುವ ಸಂಖ್ಯೆಯಿಂದಲೋ ನಡೆಸಬಹುದೇ ಎಂದು ಕೇಳಬೇಕು. ಗುರುತು ಹೊಂದಲಿಲ್ಲವೆಂಬ ಒಂದೇ ಕಾರಣದಿಂದ ರೇಷನ್ ನಿರಾಕರಿಸಬಾರದೆಂದು ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಪ್ರಾಧಿಕಾರದ 1947 ಎಂಬ ದೂರವಾಣಿ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ನಮ್ಮ ಮನೆಯ ಹಿರಿಯರಿಗೆ ಈ ಒಂದು ಸಂಗತಿಯನ್ನು ತಿಳಿಸಿದರೂ ಇಂದಿನ ಸಭೆ ಸಾರ್ಥಕ.

ಯಂತ್ರವನ್ನು ದ್ವೇಷಿಸಿ ಫಲವಿಲ್ಲ. ಒಬ್ಬನ ಪಾಲನ್ನು ಇನ್ನೊಬ್ಬನು ಕಬಳಿಸದಂತೆ ತಡೆಯುವ ಶಕ್ತಿ ಅದಕ್ಕುಂಟು; ಅದನ್ನು ಅಲ್ಲಗಳೆಯಬಾರದು. ಆದರೆ ಯಂತ್ರವು ‘ಇಲ್ಲ’ ಎಂದಾಗ, ‘ಏಕೆ ಇಲ್ಲ?’ ಎಂದು ಕೇಳಬಲ್ಲ ನಾಲ್ಕು ಜನ ತಿಳಿದವರು ಅದರ ಹಿಂದೆ ಇರಬೇಕು. ಅವರಿಗೆ ನಮ್ಮ ಮಾತು ತಿಳಿಯಬೇಕು. ಅಂತಹವರನ್ನು ನಮ್ಮೊಳಗಿಂದಲೇ ಸಿದ್ಧಗೊಳಿಸುವ ಭಾರ ಈ ಸಂಘದ ಮೇಲಿದೆ.

ಸಿರಿಗನ್ನಡಂ ಗೆಲ್ಗೆ.